ಕೂಲ್ ವೈಟ್ ಹಾಕಿಸಿದ್ರೆ ಮನೆ ಆಸ್ಪತ್ರೆ ಥರ ಕಾಣಲ್ವಾ?

ಮನೆಗೆ ಬಣ್ಣ ಹೊಡೆಸುವ ಮಾತು ಬಂದರೆ ನನ್ನನ್ನು ಎಲ್ಲರೂ ಕೇಳುವುದು ಇದನ್ನೇ. ಅವರಿಗೆ ಬಿಳಿ ಬೇಕು, ಕ್ರೀಮ್ ಬೇಡ. ಶೇಡ್ ಕಾರ್ಡಿನಲ್ಲಿ ನೋಡಿದ ಆ ಚೊಕ್ಕ ಕೂಲ್ ವೈಟ್, ಅಂದರೆ ಹಳದಿ ಕಾಣದ, ಚೂರು ನೀಲಿ ಕಡೆ ವಾಲಿದ ಬಿಳಿ, ಮನಸ್ಸಿಗೆ ಹಿಡಿಸಿದೆ. ನಾಲ್ಕೂ ಗೋಡೆಗೆ ಅದನ್ನೇ ಬಳಿಸಿದರೆ ವಾರ್ಡಿನಲ್ಲಿ ಕೂತಂತೆ ಆಗುತ್ತೇನೋ ಅಂತ ಭಯ.

ಆಗಬಹುದು. ಆದರೆ ತಪ್ಪು ಹೆಚ್ಚಿನ ಸಲ ಡಬ್ಬದೊಳಗಿನ ಬಣ್ಣದ್ದಲ್ಲ, ತಲೆ ಮೇಲಿನ ಟ್ಯೂಬ್‌ಲೈಟಿನದು. ಅದಕ್ಕೇ ನಾನು ಹೇಳುವುದು, ಬಿಳಿಯನ್ನು ಕೊನೆಗೆ ಆರಿಸಿ. ನೆಲ, ಬಾಗಿಲು, ಪರದೆ, ಬಲ್ಬು ಯಾವುದೆಂದು ಗೊತ್ತಾದ ಮೇಲೆ ಶೇಡ್ ಕಾರ್ಡ್ ಬಿಚ್ಚಿ.

ಈ ಕೂಲ್ ವೈಟ್ ಆಗುವುದು ಹೇಗೆ ಅಂತ ಒಂದ್ನಿಮಿಷ ನೋಡೋಣ. ಬಿಳಿ ಪೇಂಟಿಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಅದು ನೇರಳೆ ಬೆಳಕನ್ನು ಚೂರು ನುಂಗಿಕೊಳ್ಳುತ್ತದೆ, ಹಾಗಾಗಿ ಅದರಲ್ಲೇ ಕಂಡೂ ಕಾಣದಷ್ಟು ಹಳದಿ ಇರುತ್ತದೆ. ಅದಕ್ಕೆ ಕೆಲವೇ ತೊಟ್ಟು ನೀಲಿ, ಕಪ್ಪು, ಹಸಿರು ಅಥವಾ ನೇರಳೆ ಸೇರಿಸಿದರೆ ಕೂಲ್ ವೈಟ್. ಬಿಳಿ ಬಟ್ಟೆಗೆ ನೀಲಿ ಹಾಕುತ್ತೇವಲ್ಲ, ಅದೇ ಲೆಕ್ಕ. ನಿಜ ಹೇಳಬೇಕೆಂದರೆ ನೀಲಿ ಬಿದ್ದಮೇಲೆ ವಾಪಸ್ ಬರುವ ಬೆಳಕು ಸ್ವಲ್ಪ ಕಮ್ಮಿಯೇ ಆಗುತ್ತದೆ. ಕಣ್ಣಿಗೆ ಮಾತ್ರ ಜಾಸ್ತಿ ಬಿಳಿ ಕಾಣುತ್ತದೆ. ಶೇಡ್ ಕಾರ್ಡಿನಲ್ಲಿ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಟ್ಟಿದ್ದರೆ ಅದು ಎಷ್ಟು ಬೆಳಕು ವಾಪಸ್ ಬರುತ್ತದೆ ಅನ್ನುವುದರ ಅಳತೆ. 0 ಅಂದರೆ ಕಡುಕಪ್ಪು, 100 ಅಂದರೆ ಪೂರ್ತಿ ಬಿಳಿ. ಗೋಡೆಗೆ ಹಚ್ಚುವ ಬಿಳಿಗಳು ಸಾಮಾನ್ಯವಾಗಿ 80ರ ಮೇಲಿರುತ್ತವೆ. ಕೂಲ್ ಯಾವುದು, ವಾರ್ಮ್ (ಹಳದಿ ಕಡೆ ವಾಲಿದ್ದು) ಯಾವುದು ಅಂತ ಆ ಸಂಖ್ಯೆ ಹೇಳುವುದಿಲ್ಲ.

ಅದನ್ನು ಕಣ್ಣೇ ಹೇಳಬೇಕು. ಒಂದೇ ಶೇಡನ್ನು ಹಿಡಿದು ನೋಡಿದರೆ ಏನೂ ತಿಳಿಯುವುದಿಲ್ಲ, ನಾಲ್ಕೈದನ್ನು ಪಕ್ಕಪಕ್ಕ ಇಡಿ. ಯಾವುದರಲ್ಲಿ ನೀಲಿ ಇದೆ, ಯಾವುದರಲ್ಲಿ ಹಸಿರು ಇದೆ ಅಂತ ಆಗ ಹೊರಬೀಳುತ್ತದೆ. ಪ್ರಿಂಟರ್ ಹಾಳೆಯ ಪಕ್ಕ ಇಟ್ಟು ನೋಡುವವರಿದ್ದಾರೆ. ಬೇಡ. ಆ ಹಾಳೆಗೆ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ, ಹಗಲಿನಲ್ಲಿ ಅದು ನೀಲಿ ಹೊಡೆಯುತ್ತದೆ. ಅದರ ಮುಂದೆ ಎಂಥ ಒಳ್ಳೆ ಬಿಳಿಯೂ ಹಳದಿಯೇ. ಫೋನಿನಲ್ಲಿ ಫೋಟೋ ನೋಡಿ ಬಣ್ಣ ಆರಿಸುವ ಬಗ್ಗೆ ನಾನು ಮಾತೇ ಆಡುವುದಿಲ್ಲ.

ಈಗ ಬೆಳಕು. ನೇರ ಬಿಸಿಲು ಬೀಳದ ಕೋಣೆಗೆ ಬರುವುದು ಆಕಾಶದ ಬೆಳಕು, ಅದು ಮೊದಲೇ ನೀಲಿ. ಅಲ್ಲಿ ಕೂಲ್ ವೈಟ್ ಹಚ್ಚಿದರೆ ಗೋಡೆ ಬೂದು ಬೂದಾಗಿ, ಮಂಕಾಗಿ ಕೂರುತ್ತದೆ. ಬಿಸಿಲು ಧಾರಾಳವಾಗಿ ಬರುವ ಕೋಣೆಯಲ್ಲಿ ಅದೇ ಬಣ್ಣ ತುಂಬಾ ಚೆನ್ನ, ಬಿಸಿಲಿನ ಹಳದಿಯನ್ನು ಹದಕ್ಕೆ ತರುತ್ತದೆ. ಕಿಟಕಿಯಾಚೆ ದಟ್ಟ ಮರವಿದ್ದರೆ ಗೋಡೆಗೆ ಹಸಿರು ಬರುತ್ತದೆ. ಕೆಂಪು ನೆಲವಿದ್ದರೆ ಗೋಡೆಯ ಕೆಳಭಾಗ ಗುಲಾಬಿ ತಿರುಗುತ್ತದೆ. ಇದಕ್ಕೆ ಪೇಂಟರ್‌ನನ್ನು ಬೈದು ಪ್ರಯೋಜನವಿಲ್ಲ.

ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಲೆಕ್ಕ ಬರೆದಿರುತ್ತದೆ, ಬೆಳಕಿನ ಬಣ್ಣ ಎಂಥದು ಅನ್ನುವುದರ ಅಳತೆ ಅದು. 2700 ಅಂದರೆ ಹಳದಿ ಬೆಳಕು, 4000 ನಡುವಿನದು, 6500 ಅಂದರೆ ನೀಲಿಗೆ ವಾಲಿದ ಬಿಳಿ. ಕೂಲ್ ವೈಟ್ ಗೋಡೆ, ಮೇಲೆ ಒಂದೇ ಒಂದು 6500ರ ಟ್ಯೂಬ್. ಆಸ್ಪತ್ರೆ ತಯಾರಾಗುವುದು ಹೀಗೆ! 2700ರಲ್ಲಿ ಸಂಜೆಯಾದರೆ ನೀವು ಕಾಸು ಕೊಟ್ಟ ಕೂಲ್‌ತನವೇ ಮಾಯ. ನನ್ನ ಆಯ್ಕೆ 3000ದಿಂದ 4000ದೊಳಗಿನದು. ಅದೂ ಚಾವಣಿಗೆ ಒಂದೇ ದೀಪ ಹಾಕಿ ಮುಗಿಸಬಾರದು, ಎರಡು ಮೂರು ದೀಪ ಕೆಳಗೆ, ಕೂರುವ ಎತ್ತರದಲ್ಲಿ ಇರಬೇಕು. ಈಗಾಗಲೇ ಬಣ್ಣ ಹೊಡೆಸಿ ಬೇಜಾರಾಗಿದ್ದವರೂ ಮೊದಲು ಬಲ್ಬ್ ಬದಲಾಯಿಸಿ ನೋಡಿ. ಮತ್ತೆ ಪೇಂಟ್ ಮಾಡಿಸುವುದಕ್ಕಿಂತ ಎಷ್ಟೋ ಅಗ್ಗ.

ಆಮೇಲೆ ಅಕ್ಕಪಕ್ಕದ ಬಣ್ಣಗಳು. 19ನೇ ಶತಮಾನದ ಶುರುವಿನಲ್ಲಿ ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗವನ್ನು ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಅಂತ ದೂರು ಬಂತು. ನೋಡಿದರೆ ನೂಲಿನ ಬಣ್ಣ ಸರಿಯಾಗೇ ಇತ್ತು, ಪಕ್ಕದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. 1839ರಲ್ಲಿ ಅವನು ಇದನ್ನೆಲ್ಲ ಬರೆದು ಪ್ರಕಟಿಸಿದ. ನಿಮ್ಮ ಮನೆಯಲ್ಲೂ ಅದೇ ಕಥೆ. ಕ್ರೀಮ್ ಬಾಗಿಲಿನ ಪಕ್ಕ ಕೂಲ್ ವೈಟ್ ಗೋಡೆ ಬಂದರೆ ಬಾಗಿಲು ಕೊಳೆಯಾದಂತೆ, ಗೋಡೆ ನೀಲಿಯಾದಂತೆ ಕಾಣುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಬಾಗಿಲು, ನೆಲ ಎರಡೂ ಹಳದಿ ಕಡೆಯವಾದರೆ ಕೂಲ್ ವೈಟ್ ಆಸೆಯನ್ನೇ ಬಿಟ್ಟುಬಿಡಿ ಅನ್ನುತ್ತೇನೆ.

ಪರೀಕ್ಷೆಯನ್ನು ಗೋಡೆಯ ಮೇಲೆ ಮಾಡಬೇಡಿ. ಹಳೇ ಕ್ರೀಮ್ ಗೋಡೆ ನಡುವೆ ಒಂದು ಪಟ್ಟಿ ಹೊಸ ಬಿಳಿ ಹಚ್ಚಿದರೆ ಅದು ನೀಲಿಯಾಗಿ ಕಾಣದೇ ಇರುತ್ತಾ? ಎರಡು ದೊಡ್ಡ ರಟ್ಟು ತಗೊಂಡು ಎರಡೆರಡು ಕೋಟ್ ಹೊಡೆಯಿರಿ. ಚೆನ್ನಾಗಿ ಒಣಗಿದ ಮೇಲೆ ಗೋಡೆಯ ಮೂಲೆಯಲ್ಲಿ ಒಂದಕ್ಕೊಂದು ತಾಗಿಸಿ ನೆಟ್ಟಗೆ ನಿಲ್ಲಿಸಿ. ಮೂಲೆಯೇ ಯಾಕೆ ಅಂದರೆ, ಅಲ್ಲಿ ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ಬಡಿದು ಒಳಗಿನ ಛಾಯೆ ಗಾಢವಾಗುತ್ತದೆ. ರಟ್ಟಿನ ನಡುವೆ ಕಾಣದ ನೀಲಿ ಆ ಸಂದಿಯಲ್ಲಿ ಸಿಕ್ಕಿಬೀಳುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿದ ಮೇಲೆ, ಮೂರು ಹೊತ್ತೂ ನೋಡಿ. ಸೋಫಾ ಪಕ್ಕ ಇಡಿ, ಬಾಗಿಲ ಪಕ್ಕ ಇಡಿ. ನೆಲದ ಮೇಲೆ ಮಲಗಿಸಿ ಮಾತ್ರ ನೋಡಬೇಡಿ, ಗೋಡೆಗೆ ಬೀಳುವ ಬೆಳಕೇ ಬೇರೆ.

ಗೋಡೆಗೆ ಮ್ಯಾಟ್ ಸಾಕು, ಹೊಳಪು ಜಾಸ್ತಿಯಾದಷ್ಟೂ ಪುಟ್ಟಿಯ ಉಬ್ಬುತಗ್ಗು ಎದ್ದು ಕಾಣುತ್ತದೆ. ಚಾವಣಿಗೂ ಅದೇ ಬಿಳಿ ಇರಲಿ. ಬಾಗಿಲಿಗೆ ಬಿಳಿ ಹಚ್ಚುವುದಾದರೆ ನೀರಿನ ಎನಾಮೆಲ್ ಕೇಳಿ. ಎಣ್ಣೆ ಎನಾಮೆಲ್ ಕಾಲಕ್ರಮೇಣ ಹಳದಿಯಾಗುತ್ತದೆ, ಬೆಳಕು ಬೀಳದ ಕಡೆ ಇನ್ನೂ ಬೇಗ.

ಇನ್ನೊಂದು ಮಾತು, ಛಾಯೆ ಕಮ್ಮಿ ಇರುವ ಬಿಳಿ ಹಳೇ ಬಣ್ಣವನ್ನು ಸುಲಭವಾಗಿ ಮುಚ್ಚುವುದಿಲ್ಲ. ಗಾಢ ಗೋಡೆಗೆ ಪ್ರೈಮರ್ ಹಾಕಿ ಎರಡು ಕೋಟ್ ಕೊಟ್ಟ ಮೇಲೂ ಮೂರನೆಯದು ಬೇಕಾಗಬಹುದು, ಮಾತು ಮೊದಲೇ ಆಗಿರಲಿ. ಡಬ್ಬಗಳೆಲ್ಲ ಒಂದೇ ಬ್ಯಾಚಿನವೇ ನೋಡಿ. ಬೇರೆಬೇರೆ ಆಗಿದ್ದರೆ ದೊಡ್ಡ ಬಕೆಟ್‌ನಲ್ಲಿ ಕಲಸಿಯೇ ಶುರು ಮಾಡಿಸಿ. ಉಳಿದದ್ದನ್ನು ಎಸೆಯಬೇಡಿ, ಮುಚ್ಚಳದ ಮೇಲೆ ಶೇಡ್ ನಂಬರ್, ಕೋಣೆಯ ಹೆಸರು ಬರೆದಿಡಿ. ಟಚಪ್ ಮಾಡುವಾಗ "ಬಿಳಿ ತಾನೇ" ಅಂತ ಬೇರೆ ಬಿಳಿ ತಂದು ಹಚ್ಚಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ.