ಮಡಚುವ ಚಾಕುವಿಗೆ ಆ ಸಣ್ಣ ಕಚ್ಚು ಬೇಕಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿನಾ ಮಸೆಯುವ ಚಾಕುವಾದರೆ ಬೇಕು. ಅಪರೂಪಕ್ಕೆ ಪಾರ್ಸಲ್ ಬಿಚ್ಚೋದಕ್ಕೆ ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಬೇಡ, ಸುಮ್ನೆ ಎಲ್ಲದಕ್ಕೂ ಸಿಕ್ಕಿಹಾಕಿಕೊಳ್ಳುತ್ತದೆ.

ಯಾವ ಕಚ್ಚು ಅಂತೀರಾ? ಅಲಗು ಹಿಡಿಯನ್ನು ಸೇರುವ ಜಾಗ ನೋಡಿ. ಅಲ್ಲಿ ಒಂದಿಷ್ಟು ಉಕ್ಕು ದಪ್ಪಗೇ ಇರುತ್ತದೆ, ಅದಕ್ಕೆ ಹರಿತ ಇರುವುದಿಲ್ಲ. ಆ ದಪ್ಪ ಮುಗಿದು ಹರಿತ ಶುರುವಾಗುವಲ್ಲಿ ಕೆಲವು ಕಂಪನಿಯವರು ಒಂದು ಪುಟ್ಟ ಅರ್ಧಚಂದ್ರ ಕೊರೆದಿರುತ್ತಾರೆ. ಮಸೆಯುವಾಗ ದಪ್ಪ ಉಕ್ಕು ಕಲ್ಲಿಗೆ ಅಡ್ಡ ಬರದೆ, ಹರಿತ ಕೊನೆಯವರೆಗೂ ಕಲ್ಲಿಗೆ ಸಿಗಲಿ ಅಂತ. ಅಮೆರಿಕದ ಸ್ಪೈಡರ್ಕೊ ಕಂಪನಿಯ ಕೆಲವು ಚಾಕುಗಳಲ್ಲಿ ಕಾಣುವ ದೊಡ್ಡ ಬಾಗು ಬೇರೆ, ಅದು ಬೆರಳು ಇಡೋದಕ್ಕೆ.

ನಾನು ಧಾರವಾಡದ ಹತ್ತಿರ ಸಣ್ಣ ನರ್ಸರಿ ನಡೆಸುತ್ತೇನೆ. ಆಪೂಸ್ ಮಾವಿನ ಕಸಿ ಸಸಿ ನಮ್ಮ ಮುಖ್ಯ ವ್ಯಾಪಾರ. ಮಳೆ ಶುರುವಾದರೆ ಮಡಚುವ ಕಸಿ ಚಾಕು ಕೈ ಬಿಡೋದೇ ಇಲ್ಲ. ಗೊರಟೆಯಿಂದ ಎದ್ದ ನಾಟಿ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಟ್ಟನಡುವೆ 3-4 ಸೆಂಟಿಮೀಟರ್ ಸೀಳುತ್ತೇವೆ. ಆಪೂಸ್ ಮರದಿಂದ ತಂದ ಪೆನ್ಸಿಲ್ ದಪ್ಪದ ಕಡ್ಡಿಯ ಬುಡವನ್ನು ಎರಡೂ ಕಡೆ ಹೆರೆದು ಬೆಣೆ ಮಾಡುತ್ತೇವೆ. ಅದನ್ನು ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿದರೆ ಆಯ್ತು. ತೊಗಟೆಯ ಒಳಗಿನ ತೆಳು ಪದರ ಎರಡೂ ಕಡೆ ಕೂಡಿಕೊಂಡರೆ ಕಸಿ ಹತ್ತುತ್ತದೆ. ಸಂದಿನಲ್ಲಿ ಗಾಳಿ ಉಳಿದರೆ ಕಡ್ಡಿ ಒಣಗುತ್ತದೆ. ಅದಕ್ಕೇ ಬೆಣೆಯ ಮೈ ಸಪಾಟಾಗಿ ಬರಬೇಕು, ಒಂದೇ ಎಳೆತಕ್ಕೆ ಬರಬೇಕು.

ಕಚ್ಚಿಲ್ಲದ ಚಾಕು ಹೊಸದರಲ್ಲಿ ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಮಾವಿನ ಸೊನೆ, ಮರದ ಗಟ್ಟಿತನ, ಎಲ್ಲ ಸೇರಿ ಹರಿತ ಬೇಗ ಇಳಿಯುತ್ತದೆ. ದಿನಾ ಕಲ್ಲಿಗೆ ಹಾಕಲೇಬೇಕು. ಹಿಡಿಯ ಹತ್ತಿರದ ಎರಡು ಮೂರು ಮಿಲಿಮೀಟರ್ ಮಾತ್ರ ಕಲ್ಲಿಗೆ ಸಿಗೋದೇ ಇಲ್ಲ. ಉಳಿದ ಅಲಗು ಸವೆಯುತ್ತದೆ, ಅದು ಹಾಗೇ ಇರುತ್ತದೆ. ಕಾಲ ಕಳೆದಂತೆ ಅಲ್ಲೊಂದು ಹಲ್ಲು ಎದ್ದು ನಿಲ್ಲುತ್ತದೆ, ಅದರ ಮುಂದೆ ಅಲಗು ಒಳಕ್ಕೆ ಬಾಗುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. ನಮ್ಮ ಎಳೆತ ಶುರುವಾಗೋದೇ ಹಿಡಿಯ ಬುಡದಿಂದ. ಹಲ್ಲು ಕಡ್ಡಿಗೆ ತಗಲಿ ಕೈ ಒಮ್ಮೆ ಜಗ್ಗುತ್ತದೆ, ಬೆಣೆಯ ಮೇಲೆ ಮೆಟ್ಟಿಲು ಬೀಳುತ್ತದೆ. ನಮ್ಮಲ್ಲಿ ಕಸಿ ಕಟ್ಟುವ ಅಕ್ಕನಿಗೆ ಸ್ಕೇಲೂ ಬೇಡ. "ಅಣ್ಣಾರ, ಇದು ಬುಡದಾಗ ಹಿಡೀತೈತ್ರಿ, ಬ್ಯಾರೆ ಕೊಡ್ರಿ" ಅಂತ ತಿರುಗಿಸಿ ಕೊಟ್ಟುಬಿಡುತ್ತಾಳೆ.

ಕಚ್ಚು ಬೇಡ ಅನ್ನುವವರ ಮಾತೂ ಸುಳ್ಳಲ್ಲ. ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವಾಗ ಅದು ಕಚ್ಚಿನೊಳಗೆ ಮುದುಡಿ ಕೂರುತ್ತದೆ. ಸೆಣಬಿನ ಹುರಿಯದಂತೂ ಇನ್ನೂ ಜಾಸ್ತಿ ಕಿರಿಕಿರಿ. ಆದರೆ ಇದು ಬಹುಮಟ್ಟಿಗೆ ಅಳತೆಯ ತಪ್ಪು. ಕೆಲವರು ಬಟಾಣಿ ಕಾಳು ಕೂರುವಷ್ಟು ಕೊರೆದಿರುತ್ತಾರೆ. ಕೈ ಬಲ ಜಾಸ್ತಿ ಬೀಳೋದೇ ಹಿಡಿಯ ಹತ್ತಿರ, ಅಲ್ಲೇ ಹರಿತ ಕಳೆದುಕೊಂಡರೆ ಹೇಗೆ? ಏಳೆಂಟು ಸೆಂಟಿಮೀಟರ್ ಅಲಗಿನಲ್ಲಿ ಅರ್ಧ ಸೆಂಟಿಮೀಟರ್ ಸಣ್ಣದಲ್ಲ. ಎರಡು ಮಿಲಿಮೀಟರ್ ಸಾಕು, ಅದೂ ದುಂಡಗೆ. ಚೂಪು ಮೂಲೆಯ ಕಚ್ಚು ನನಗೆ ಬೇಡವೇ ಬೇಡ. ಒತ್ತಡವೆಲ್ಲ ಆ ಮೂಲೆಗೇ ಬೀಳುತ್ತದೆ, ಬಿರುಕು ಬಿಟ್ಟರೆ ಅಲ್ಲಿಂದಲೇ ಬಿಡುವುದು.

ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಬರುತ್ತಿದೆ, ಕಚ್ಚಿಲ್ಲ. ಅದರ ಅಲಗು ತೆಳ್ಳಗೆ, ಹರಿತ ಹೆಚ್ಚು ಕಡಿಮೆ ಹಿಡಿಯ ಲೋಹದ ಉಂಗುರದವರೆಗೂ ಬರುತ್ತದೆ. ಅಂಥದ್ದಕ್ಕೆ ನನ್ನ ತಕರಾರಿಲ್ಲ. ಹಣ್ಣು ಹೆಚ್ಚೋದಕ್ಕೆ ಅದೇ ಚೆನ್ನ.

ಇಲ್ಲದ ಕಚ್ಚನ್ನು ಆಮೇಲೆ ಕೊರೆಸೋದು ಮಾತ್ರ ಬೇಡ. ಗೆಳೆಯನೊಬ್ಬ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಗ್ರೈಂಡರ್ ಹಿಡಿಸಿದ. ಬುಡದಲ್ಲಿ ಉಕ್ಕು ಕಾದು ನೀಲಿ ತಿರುಗಿತು. ನೀಲಿ ಬಂತು ಅಂದರೆ ಉಕ್ಕನ್ನು ಗಟ್ಟಿ ಮಾಡಿದ್ದ ಹದ ಹೋಯಿತು ಅಂತಲೇ, ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ. ಮಾಡಲೇಬೇಕಿದ್ದರೆ ದುಂಡನೆಯ ಡೈಮಂಡ್ ಅರದಿಂದ, ನೀರು ಹಾಕುತ್ತಾ, ಕೈಯಲ್ಲೇ ನಿಧಾನಕ್ಕೆ ಉಜ್ಜಬೇಕು. ಸಾದಾ ಅರ ಹದ ಹಾಕಿದ ಉಕ್ಕಿನ ಮೇಲೆ ಬರೀ ಜಾರುತ್ತದೆ.

ಸೈಕಲ್ ಮೇಲೆ ಬರುವ ಸಾಣೆಯವನಿಗೆ ಕೊಟ್ಟರೆ ಕಚ್ಚು ಇದ್ದೂ ಪ್ರಯೋಜನವಿಲ್ಲ ಅನ್ನಿ. ಗಾಲಿ ಬುಡಕ್ಕೇ ಹೋಗಿ ತಿಂದುಬಿಡುತ್ತದೆ. ಅವನಿಗೆ ಈಳಿಗೆಮಣೆ, ಕತ್ತರಿ ಕೊಡಿ.

ಕಚ್ಚಿಲ್ಲದ ಚಾಕು ಈಗಾಗಲೇ ನಿಮ್ಮಲ್ಲಿದ್ದರೆ ಬಿಸಾಡಬೇಡಿ. ದೊಡ್ಡ ಕಲ್ಲಿನ ಜೊತೆಗೆ ಬೆರಳಗಲದ ಒಂದು ಉದ್ದ ಮಸೆಗಲ್ಲು ಇಟ್ಟುಕೊಳ್ಳಿ. ಪ್ರತಿ ಸಲ ಮಸೆಯುವಾಗ ಅದರ ಅಂಚಿನಿಂದ ಬುಡಕ್ಕೆ ಮೊದಲು ನಾಲ್ಕು ಎಳೆತ ಕೊಟ್ಟು, ಆಮೇಲೆ ಉಳಿದ ಅಲಗಿಗೆ ಬನ್ನಿ. ಹಲ್ಲು ಏಳುವುದಿಲ್ಲ.