“ನಾನೆಲ್ಲಿ ಬಿಸಿಲಿಗೆ ಹೋಗಿದ್ದೆ ಸಿಸ್ಟರ್?”: ಲೇಸರ್ ರೂಮಿನಲ್ಲಿ ಕಲಿತದ್ದು

ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ನಾಲ್ಕು ವರ್ಷ ಜನರಲ್ ವಾರ್ಡಿನಲ್ಲಿದ್ದೆ. ಆಮೇಲೆ ದಾವಣಗೆರೆಯ ಒಂದು ಚರ್ಮದ ಕ್ಲಿನಿಕ್ಕಿಗೆ ಬಂದೆ. ಈಗ ಏಳನೇ ವರ್ಷ. ಡಾಕ್ಟರ್ ಮೇಡಂ ನೋಡಿ ಬರೆದುಕೊಡುತ್ತಾರೆ, ಲೇಸರ್ ರೂಮಿನಲ್ಲಿ ಹ್ಯಾಂಡ್‌ಪೀಸ್ ಹಿಡಿಯುವವಳು ನಾನು. ಮುಖದ ಬೇಡದ ಕೂದಲು, ಮೊಡವೆ ಗುಳಿ, ಹಚ್ಚೆ, ನರಹುಲಿ, ಹೀಗೆ ದಿನಕ್ಕೆ ಎಂಟು ಹತ್ತು ಜನ ಬರುತ್ತಾರೆ.

ಶುರುವಿನಲ್ಲಿ ಮೆಷಿನ್ ಕಲಿತರೆ ಮುಗಿಯಿತು ಅಂದುಕೊಂಡಿದ್ದೆ. ಕಂಪನಿಯವರು ಬಂದು ಎರಡು ದಿನ ಟ್ರೈನಿಂಗ್ ಕೊಟ್ಟರು. ಯಾವ ಜಾಗಕ್ಕೆ ಎಷ್ಟು ಜೂಲ್ (ಬೆಳಕಿನ ಶಕ್ತಿಯ ಅಳತೆ), ಜೆಲ್ ಎಷ್ಟು ದಪ್ಪ ಹಚ್ಚಬೇಕು, ತುದಿ ಹೇಗೆ ಒರೆಸಬೇಕು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪೇಷೆಂಟನ್ನು ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಪುಟ ಬರೆದುಕೊಂಡಿದ್ದು ನನ್ನ ಕೈಯಿಂದಲೇ ಒಬ್ಬರ ಮುಖ ಸುಟ್ಟ ಮೇಲೆ.

ಅವರು ಪಿ.ಟಿ. ಟೀಚರ್. ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇತ್ತು, ಗದ್ದದ ಕೆಳಗೆ ಮತ್ತು ದವಡೆಯ ಪಕ್ಕ ಕೂದಲು ಬರುತ್ತಿತ್ತು. ಅದು ಅವರ ನಾಲ್ಕನೇ ಸಿಟ್ಟಿಂಗ್. ಮೂರು ಸಿಟ್ಟಿಂಗ್ ಚೆನ್ನಾಗಿ ಆಗಿದ್ದವು, ಕೂದಲು ತೆಳ್ಳಗಾಗಿತ್ತು, ಅವರೂ ಖುಷಿಯಾಗಿದ್ದರು. ಆಗಸ್ಟ್ ಕೊನೆಯ ಶನಿವಾರ, ಹೊರಗೆ ಬೆಂಚಿನ ತುಂಬ ಜನ. ನಾನು ಫೈಲ್ ತೆಗೆದೆ, ಹಿಂದಿನ ಸಲದ ಸೆಟ್ಟಿಂಗ್ ನೋಡಿದೆ, ವಾಡಿಕೆಯಂತೆ ಒಂದು ಜೂಲ್ ಏರಿಸಿದೆ.

“ಬಿಸಿಲಿಗೆ ಹೋಗಿದ್ರಾ ಮೇಡಂ?”

“ಇಲ್ರಿ ಸಿಸ್ಟರ್.”

ಕನ್ಸೆಂಟ್ ಫಾರ್ಮಿನಲ್ಲಿ ಟಿಕ್ ಹಾಕಿದೆ. ಕಣ್ಣಿಗೆ ಕನ್ನಡಕ ಹಾಕಿ ಮಲಗಿಸಿದೆ. ನಾಲ್ಕೈದು ಶಾಟ್ ಆಗಿರಬೇಕು, “ಇವತ್ಯಾಕೋ ಚುರ್ ಅಂತೈತ್ರಿ” ಅಂದರು. “ಕೂದಲು ದಪ್ಪ ಇದ್ದ ಕಡೆ ಹಾಗೇ ಮೇಡಂ, ಇನ್ನೇನು ಆಯ್ತು” ಅಂದೆ. ಈ ಮಾತು ನೆನಪಾದರೆ ಇವತ್ತಿಗೂ ಮುಜುಗರವಾಗುತ್ತದೆ. ಮೂರು ಸಿಟ್ಟಿಂಗ್‌ನಲ್ಲಿ ಒಮ್ಮೆಯೂ ಹುಬ್ಬು ಗಂಟಿಕ್ಕದವರು ಇವತ್ತು ಉರಿ ಅಂತಿದ್ದಾರೆ, ಅವರ ಕೂದಲು ಮೊದಲಿಗಿಂತ ತೆಳ್ಳಗಾಗಿದೆ. ನಾನು ನೋಡಿದರೆ ದಪ್ಪ ಕೂದಲಿನ ಕಥೆ ಹೇಳುತ್ತಿದ್ದೇನೆ.

ಎಡ ದವಡೆ ಮುಗಿಸಿ ಜೆಲ್ ಒರೆಸಿದೆ. ಸರಿಯಾಗಿ ಕೆಲಸ ಆಗಿದ್ದರೆ ಪ್ರತಿ ಕೂದಲಿನ ಬುಡದಲ್ಲಿ ಚಿಕ್ಕ ಕೆಂಪು ಗುಳ್ಳೆ ಏಳುತ್ತದೆ, ಚಳಿಗೆ ಮೈಮೇಲೆ ಮುಳ್ಳು ಎದ್ದ ಹಾಗೆ. ಇಲ್ಲಿ ಹಾಗಿರಲಿಲ್ಲ. ಹ್ಯಾಂಡ್‌ಪೀಸಿನ ತುದಿ ಎಷ್ಟಗಲವೋ ಅಷ್ಟಗಲದ ಚೌಕಗಳು, ಒಲೆಯ ಬೂದಿಯ ಬಣ್ಣದಲ್ಲಿ, ಒಂದರ ಪಕ್ಕ ಒಂದು. ಯಾರೋ ಮುಖದ ಮೇಲೆ ಸ್ಟ್ಯಾಂಪ್ ಒತ್ತಿದಂತೆ. ನನ್ನ ಕೈ ತಣ್ಣಗಾಯಿತು. ಪೆಡಲ್ ಮೇಲಿನ ಕಾಲು ತೆಗೆದು ಮೆಷಿನ್ ಆಫ್ ಮಾಡಿದೆ, ಬಟ್ಟೆ ಸುತ್ತಿದ ಐಸ್‌ಪ್ಯಾಕ್ ಇಟ್ಟೆ, ಮೇಡಂಗೆ ಬೆಲ್ ಒತ್ತಿದೆ.

ಮೇಡಂ ಬಂದು ನೋಡಿದರು. ನನ್ನನ್ನು ಅಲ್ಲಿ ಬೈಯಲಿಲ್ಲ. ಟೀಚರ್ ಕೈಗೆ ಕನ್ನಡಿ ಕೊಟ್ಟು, “ಸುಟ್ಟಿದೆ. ತಪ್ಪು ನಮ್ಮದು. ಕಲೆ ಕಪ್ಪಾಗುತ್ತೆ, ಆಮೇಲೆ ತಿಳಿಯಾಗುತ್ತೆ, ಆದರೆ ತಿಂಗಳುಗಟ್ಟಲೆ ಬೇಕು. ಇದಕ್ಕೆ ನೀವು ಒಂದು ರೂಪಾಯಿನೂ ಕೊಡಬೇಡಿ” ಅಂದರು. ಕನ್ನಡಿ ಕೊಟ್ಟಿದ್ದು ನನಗೆ ಆಗ ಕಟುಕತನ ಅನ್ನಿಸಿತ್ತು. ಮನೆಗೆ ಹೋಗಿ ಒಬ್ಬರೇ ನೋಡಿಕೊಂಡು ಗಾಬರಿಯಾಗುವುದಕ್ಕಿಂತ ಅದೇ ಒಳ್ಳೆಯದಿತ್ತು ಅಂತ ಈಗ ಅನ್ನಿಸುತ್ತದೆ.

ಎರಡು ಚೌಕದಲ್ಲಿ ಬೊಬ್ಬೆ ಬಂತು. ಹಕ್ಕಳೆ ಕಟ್ಟಿ ಉದುರಿತು. ಮಿಕ್ಕಿದ್ದೆಲ್ಲ ಕಪ್ಪಾಯಿತು. ನಮ್ಮ ಬಣ್ಣದ ಚರ್ಮದ ಸ್ವಭಾವವೇ ಅದು. ಸೊಳ್ಳೆ ಕಚ್ಚಿದರೂ, ಮೊಡವೆ ಚಿವುಟಿದರೂ ಕಪ್ಪು ಕಲೆ ಉಳಿಸಿಕೊಳ್ಳುತ್ತದೆ. ಸುಟ್ಟರೆ ಬಿಡುತ್ತದಾ?

ಡ್ರೆಸ್ಸಿಂಗ್‌ಗೆ ಬಂದ ದಿನ ಧೈರ್ಯ ಮಾಡಿ ಕೇಳಿದೆ. “ಮೇಡಂ, ಆವತ್ತು ಬಿಸಿಲಿಗೆ ಹೋಗಿಲ್ಲ ಅಂದ್ರಲ್ಲ?”

“ನಾನೆಲ್ಲಿ ಬಿಸಿಲಿಗೆ ಹೋಗಿದ್ದೆ ಸಿಸ್ಟರ್? ತಾಲ್ಲೂಕು ಕ್ರೀಡಾಕೂಟ ಇತ್ತು. ಮೂರು ದಿನ ಗ್ರೌಂಡಿಗೆ ಹೋಗಿದ್ದೆ ಅಷ್ಟೇ.”

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಮಾತಿನಲ್ಲಿ ‘ಬಿಸಿಲಿಗೆ ಹೋಗುವುದು’ ಅಂದರೆ ಕೆಲಸವಿಲ್ಲದೆ ಅಲೆಯುವುದು. ಮಕ್ಕಳಿಗೆ “ಬಿಸಿಲಿಗೆ ಹೋಗಬೇಡ್ರೋ” ಅಂತೀವಿ. ಗ್ರೌಂಡಿಗೆ ಹೋಗುವುದು ಡ್ಯೂಟಿ. ಹೊಲಕ್ಕೆ ಹೋಗುವುದು ಹೊಲಕ್ಕೆ ಹೋಗುವುದು. ಬಟ್ಟೆ ಒಣಹಾಕಲು ತಾರಸಿಗೆ ಹೋಗುವುದು ಮನೆಗೆಲಸ. ಇದರಲ್ಲಿ ಯಾವುದನ್ನೂ ಯಾರೂ ಬಿಸಿಲು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷ್ ಫಾರ್ಮಿನ ಪ್ರಶ್ನೆಯನ್ನು ನಾನು ಹಾಗೇ ಕನ್ನಡಕ್ಕೆ ಇಳಿಸಿ ಕೇಳಿದ್ದೆ. ಪ್ರಶ್ನೆ ಕನ್ನಡದಲ್ಲಿತ್ತು, ಅರ್ಥ ಫಾರ್ಮಿನಲ್ಲೇ ಉಳಿದಿತ್ತು.

ಬಿಸಿಲಿಗೆ ಇಷ್ಟೊಂದು ಯಾಕೆ ಹೆದರಬೇಕು ಅಂದರೆ, ಲೇಸರ್ ಬೆಳಕು ಹುಡುಕಿಕೊಂಡು ಹೋಗುವುದು ಕಪ್ಪನ್ನು. ಹಳೇ ದೇವಸ್ಥಾನಗಳ ಕಲ್ಲಿನ ಅಂಗಳದಲ್ಲಿ ಮಧ್ಯಾಹ್ನ ಕಾಲಿಡಲು ಆಗುವುದಿಲ್ಲ, ಅದಕ್ಕೇ ನಡೆಯಲು ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ, ಅಲ್ವಾ? ಬಿಸಿಲು ಎರಡಕ್ಕೂ ಒಂದೇ, ಕಪ್ಪು ಕಲ್ಲು ಜಾಸ್ತಿ ಕಾಯುತ್ತದೆ. ಕೂದಲಿನ ಕಪ್ಪು ಬೆಳಕನ್ನು ಹೀರಿ ಕಾದು, ಬುಡದ ಜೀವಕೋಶಗಳನ್ನು ಸುಡಬೇಕು, ಸುತ್ತಲಿನ ಚರ್ಮ ತಣ್ಣಗಿರಬೇಕು. ಬೇಕಾದ್ದನ್ನು ಮಾತ್ರ ಆರಿಸಿ ಸುಡುವ ಈ ಲೆಕ್ಕವನ್ನು ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ಇಬ್ಬರು ಡಾಕ್ಟರುಗಳು 1983ರಲ್ಲಿ ಬರೆದರು. ಕೂದಲು ತೆಗೆಯುವ ಇವತ್ತಿನ ಲೇಸರ್ ಮೆಷಿನ್ನುಗಳು ಅದರ ಮೇಲೇ ನಿಂತಿವೆ. ಆದರೆ ಕೂದಲಿನಲ್ಲಿರುವ ಮೆಲನಿನ್ ಎಂಬ ಬಣ್ಣವೇ ಚರ್ಮದಲ್ಲೂ ಇದೆ. ಮೂರು ದಿನ ಗ್ರೌಂಡಿನಲ್ಲಿ ನಿಂತರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಆಗ ಬೆಳಕು ಬುಡದ ತನಕ ಹೋಗುವ ಮೊದಲೇ ಮೇಲಿನ ಚರ್ಮ ಅದನ್ನು ಹಿಡಿದುಕೊಂಡು ಬೇಯುತ್ತದೆ. ಫೈಲಿನಲ್ಲಿ ಬರೆದಿದ್ದ ಜೂಲ್ ಜುಲೈ ತಿಂಗಳ ಮುಖಕ್ಕೆ ಸರಿಯಿತ್ತು. ಬೆಡ್ ಮೇಲೆ ಮಲಗಿದ್ದು ಆಗಸ್ಟಿನ ಮುಖ.

ಆ ಸಂಜೆ ಮೇಡಂ ನನ್ನನ್ನು ಕೂರಿಸಿಕೊಂಡು, ಅವರದೇ ಕೈಗಡಿಯಾರ ಬಿಚ್ಚಿ ಮಣಿಕಟ್ಟು ತೋರಿಸಿದರು. ಪಟ್ಟಿಯ ಕೆಳಗೆ ಒಂದು ಬಣ್ಣ, ಪಕ್ಕದಲ್ಲಿ ಇನ್ನೊಂದು. “ಬಾಯಲ್ಲಿ ಕೇಳೋಕೆ ಮುಂಚೆ ಇದನ್ನ ನೋಡು. ಗಡಿಯಾರ ಇಲ್ಲದಿದ್ದರೆ ಬಳೆ ಸರಿಸು. ಕಿವಿ ಹಿಂದಿನ ಚರ್ಮ, ಕೆನ್ನೆಯ ಚರ್ಮ ಎರಡನ್ನೂ ಹೋಲಿಸು.” ಅಷ್ಟೇ ಹೇಳಿದ್ದು. ಅಲ್ಲಿಂದ ಕೈ ನೋಡದೆ ನಾನು ಮೆಷಿನ್ ಆನ್ ಮಾಡುವುದಿಲ್ಲ.

ಆಮೇಲೆ ಒಂದೊಂದೇ ಪ್ರಶ್ನೆ ಬದಲಾಯಿಸುತ್ತ ಹೋದೆ. ಬಿಸಿಲಿನ ಪ್ರಶ್ನೆ ಈಗ “ಹದಿನೈದು ದಿನದಿಂದ ಏನೇನು ನಡೀತು ಮನೆಯಲ್ಲಿ?” ಅಂತ ಆಗಿದೆ. ಜನ ಖುಷಿಯಾಗಿ ಹೇಳುತ್ತಾರೆ. ತಂಗಿ ಮದುವೆ, ಧರ್ಮಸ್ಥಳ, ಅಡಿಕೆ ಕೊಯ್ಲು, ಗೃಹಪ್ರವೇಶದ ಕಾರ್ಡು ಹಂಚಲು ಸ್ಕೂಟಿಯಲ್ಲಿ ಊರೆಲ್ಲ ಸುತ್ತಿದ್ದು. ನನಗೆ ಬೇಕಾದ ಬಿಸಿಲು ಅದರಲ್ಲೇ ಸಿಗುತ್ತದೆ.

“ಕೂದಲು ಕೀಳಿಸಿದ್ರಾ?” ಅಂದರೆ ಇಲ್ಲ ಅಂತಾರೆ. “ಪಾರ್ಲರ್‌ಗೆ ಕೊನೆಗೆ ಯಾವಾಗ ಹೋಗಿದ್ರಿ?” ಅಂದರೆ, “ಮೊನ್ನೆ, ಸುಮ್ನೆ ಥ್ರೆಡ್ಡಿಂಗ್‌ಗೆ” ಅಂತಾರೆ. ಥ್ರೆಡ್ಡಿಂಗ್ ಮಾಡಿಸಿದರೆ ಕೂದಲು ಬುಡಸಮೇತ ಬಂದಿರುತ್ತದೆ, ಲೇಸರ್‌ಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ದುಡ್ಡು ದಂಡ. ಸಿಟ್ಟಿಂಗ್ ನಡುವೆ ರೇಜರ್ ಹಾಕಿ ಅಂದರೆ ಹೌಹಾರುತ್ತಾರೆ, ಗಡ್ಡ ದಪ್ಪ ಬರುತ್ತದೆ ಅಂತ. ಬರುವುದಿಲ್ಲ. ಕೊಯ್ದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಗಲುತ್ತದೆ ಅಷ್ಟೇ. ಇದನ್ನು ವಾರಕ್ಕೆ ಹತ್ತು ಸಲ ಹೇಳುತ್ತೇನೆ, ಒಬ್ಬರೋ ಇಬ್ಬರೋ ನಂಬುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಕ್ರೀಮಿನ ಪ್ರಶ್ನೆ. “ಮುಖಕ್ಕೆ ಏನು ಹಚ್ತೀರಿ?” “ಏನಿಲ್ಲ.” ಈ ‘ಏನಿಲ್ಲ’ದ ಒಳಗೆ ಒಂದು ಟ್ಯೂಬು ಇದ್ದೇ ಇರುತ್ತದೆ. ಅತ್ತಿಗೆ ಕೊಟ್ಟಿದ್ದು, ಮೆಡಿಕಲ್ ಶಾಪಿನವನು ಕೊಟ್ಟಿದ್ದು, ಹಚ್ಚಿದ ಒಂದೇ ವಾರಕ್ಕೆ ಮುಖ ಬೆಳ್ಳಗಾಗಿದ್ದು. ಬ್ಯಾಗಿನಿಂದ ತೆಗೆಸಿ ನೋಡಿದರೆ ಸ್ಟಿರಾಯ್ಡ್ ಬೆರೆತದ್ದು. ವರ್ಷಗಟ್ಟಲೆ ಹಚ್ಚಿದವರ ಕೆನ್ನೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಕೆಂಪು ನರ ಕಾಣುತ್ತಿರುತ್ತದೆ. ಬಿಟ್ಟರೆ ಉರಿ, ಮೊಡವೆ. ಹಚ್ಚಿದರೆ ಬೇಡದ ಕೂದಲು. ಆ ಕೂದಲು ತೆಗೆಸಲು ನಮ್ಮ ಹತ್ತಿರ ಬರುತ್ತಾರೆ! 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಬ್ಯಾಗಿನಲ್ಲಿ ಟ್ಯೂಬು ಸಿಗುವುದು ನಿಂತಿಲ್ಲ. ಅಂಥ ಚರ್ಮಕ್ಕೆ ಮೇಡಂ ಲೇಸರ್ ಮುಟ್ಟಿಸುವುದೇ ಇಲ್ಲ, ಮೊದಲು ಟ್ಯೂಬು ಬಿಡಿಸುತ್ತಾರೆ. ಮಾತ್ರೆಯದೂ ಹೀಗೇ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಆದರೆ ನುಂಗುವವರ ಲೆಕ್ಕದಲ್ಲಿ ಬಿಪಿ, ಶುಗರ್‌ಗೆ ತಗೊಳ್ಳುವುದು ಮಾತ್ರ ‘ಮಾತ್ರೆ’.

ಬಂಗಿನ ವಿಷಯದಲ್ಲಿ ನನ್ನ ಹೊಸ ಪ್ರಶ್ನೆಯೂ ಒಮ್ಮೆ ಸೋತಿತು. ಖಾನಾವಳಿ ನಡೆಸುವ ಒಬ್ಬ ಅಕ್ಕ ಬಂದಿದ್ದರು. ಎರಡೂ ಕೆನ್ನೆಯ ಮೇಲೆ ಕಂದು ಬಂಗು. “ಇದನ್ನ ಸುಟ್ಟು ತೆಗೆದುಬಿಡ್ರಿ” ಅಂದರು. ಏನೇನು ನಡೀತು ಅಂದರೆ ಏನೂ ಇಲ್ಲ. ಮನೆಯಿಂದಾಚೆ ಕಾಲಿಟ್ಟವರಲ್ಲ. ಮಣಿಕಟ್ಟಿನಲ್ಲೂ ಬಳೆಯ ಗುರುತಿಲ್ಲ. ಕೊನೆಗೆ ಮೇಡಂ, “ಬೆಳಿಗ್ಗೆ ಎದ್ದಾಗಿಂದ ಹೇಳಿ ನೋಡೋಣ” ಅಂದರು. ಐದಕ್ಕೆ ಒಲೆ ಹಚ್ಚಿದರೆ ಹನ್ನೊಂದರ ತನಕ ಹಂಚಿನ ಮುಂದೆ. ದಿನಕ್ಕೆ ಇನ್ನೂರು ರೊಟ್ಟಿ. ಬೆಂಕಿಯ ಕಾವೂ ಬಂಗನ್ನು ಕೆದಕುತ್ತದೆ. ಇಂಥ ಕಡೆ ಲೇಸರ್ ಹಾಕಿದರೆ ಅದೂ ಕಾವೇ ತಾನೆ? ಎರಡು ವಾರ ತಿಳಿಯಾಗಿ, ಆಮೇಲೆ ಮೊದಲಿಗಿಂತ ಕಪ್ಪಾಗಿ ವಾಪಸ್ ಬರುವ ಸಾಧ್ಯತೆ ಇರುತ್ತದೆ. ಅವರಿಗೆ ಸನ್‌ಸ್ಕ್ರೀನ್, ರಾತ್ರಿ ಹಚ್ಚಲು ಕ್ರೀಮ್ ಬರೆದುಕೊಟ್ಟು, ಒಲೆಯಿಂದ ಒಂದು ಮೊಳ ದೂರ ಕೂತು ಬೇಯಿಸಿ ಅಂದೆವು. “ಲೇಸರ್ ಇಟ್ಕೊಂಡು ಲೇಸರ್ ಹಾಕಲ್ಲ ಅಂತೀರಲ್ಲ” ಅಂತ ಬೇಜಾರಿನಲ್ಲೇ ಹೋದರು. ಮತ್ತೆ ಬರಲಿಲ್ಲ. ಬೇರೆ ಕಡೆ ಹಾಕಿಸಿಕೊಂಡರೋ ಏನೋ.

ಹಚ್ಚೆ ತೆಗೆಸಲು ಬರುವವರು ಜಾಸ್ತಿ ಹುಡುಗರು. ಸೈನ್ಯಕ್ಕೆ ಸೇರಬೇಕು, ತೋಳಿನ ಮೇಲ್ಭಾಗದಲ್ಲಿ ಹುಡುಗಿ ಹೆಸರು. ಮುಂಗೈ ಒಳಭಾಗ ಮತ್ತು ಅಂಗೈ ಹಿಂಬದಿ ಬಿಟ್ಟು ಬೇರೆ ಕಡೆ ಹಚ್ಚೆ ಇದ್ದರೆ ಸೇನೆಯಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರಿಗೆ “ಯಾವ ಇಂಕು?” ಅಂದರೆ ಏನು ಗೊತ್ತಿರುತ್ತದೆ? “ಎಲ್ಲಿ ಹಾಕಿಸಿದ್ದು, ಯಾವಾಗ ರ‍್ಯಾಲಿ?” ಅಂತ ಕೇಳುತ್ತೇನೆ. ಕರಿ ಇಂಕು 1064 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಚೆನ್ನಾಗಿ ಒಡೆಯುತ್ತದೆ. ಹಸಿರು ಬಣ್ಣ ಜಗ್ಗುವುದೇ ಇಲ್ಲ, ಅದಕ್ಕೆ ಬೇರೆ ಮೆಷಿನ್ನೇ ಬೇಕು. ಒಡೆದ ಚೂರುಗಳನ್ನು ಮೈಯೇ ನಿಧಾನಕ್ಕೆ ಹೊತ್ತುಕೊಂಡು ಹೋಗಬೇಕು. ಒಂದು ಸಿಟ್ಟಿಂಗಿಗೂ ಇನ್ನೊಂದಕ್ಕೂ ಆರೆಂಟು ವಾರ ಬಿಡಬೇಕು, ಅಂಥವು ಹಲವು ಸಿಟ್ಟಿಂಗ್. “ರ‍್ಯಾಲಿ ಇಪ್ಪತ್ತು ದಿನಕ್ಕೈತಿ ಸಿಸ್ಟರ್” ಅಂದವನಿಗೆ ಏನು ಹೇಳಲಿ?

ಅಂಥ ಒಬ್ಬ ಹುಡುಗನ ಜೊತೆ ಅಜ್ಜಿ ಬಂದಿದ್ದರು. ಅವರ ಮುಂಗೈ ತುಂಬ ಹಳೇ ಕಾಲದ ಹಚ್ಚೆ, ಹಸಿರು ಚುಕ್ಕಿ, ಬಳ್ಳಿ. ಅದು ನಿಜಕ್ಕೂ ಹಸಿರಲ್ಲ. ದೀಪದ ಕಾಡಿಗೆಯ ಕಪ್ಪು ಚರ್ಮದ ಆಳದಲ್ಲಿ ಕೂತು ಹಾಗೆ ಕಾಣುತ್ತದೆ. ಮೊಮ್ಮಗನ ತೋಳಿನ ಬಣ್ಣದ ಹೆಸರಿಗಿಂತ ಅದು ಬೇಗ ಹೋಗುತ್ತಿತ್ತೇನೋ. ತಮಾಷೆಗೆ, “ನಿಮ್ಮದೂ ತೆಗೆದುಬಿಡ್ಲಾ ಅಜ್ಜಿ?” ಅಂದೆ. ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. “ಸತ್ತಾಗ ನನ್ ಜತಿ ಬರೋದು ಇದೊಂದೇ ಕಣವ್ವ.” ಪ್ರಶ್ನೆ ಕೇಳುವುದು ಕಲಿತೆ ಅಂತ ಬೀಗುತ್ತಿದ್ದವಳಿಗೆ ಅದೂ ಒಂದು ಪಾಠ.

ಪಿ.ಟಿ. ಟೀಚರ್ ಕಲೆ ತಿಳಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಅವರು ಬೇರೆ ಕಡೆ ಹೋಗುತ್ತಾರೆ ಅಂತಲೇ ನಾನು ಅಂದುಕೊಂಡಿದ್ದೆ. ಜನವರಿಯಲ್ಲಿ ಬಂದರು. ಮೇಡಂ ಈ ಸಲ 808 ನ್ಯಾನೋಮೀಟರಿನ ಡಯೋಡ್ ಲೇಸರ್ ಬೇಡ, 1064ರಲ್ಲಿ ಮಾಡೋಣ ಅಂದರು. ಅದು ಚರ್ಮದ ಬಣ್ಣವನ್ನು ಅಷ್ಟಾಗಿ ಮೂಸುವುದಿಲ್ಲ, ಸೀದಾ ಆಳಕ್ಕೆ ಇಳಿಯುತ್ತದೆ. ನೋವು ಮಾತ್ರ ಜಾಸ್ತಿ. ಜೊತೆಗೆ ಇನ್ನೊಂದು ಮಾತನ್ನೂ ಮತ್ತೆ ಹೇಳಿದರು, ಪಿಸಿಓಡಿ ಇರುವ ತನಕ ಹೊಸ ಕೂದಲು ಬರುತ್ತಿರುತ್ತದೆ ಅಂತ. ಪೂರ್ತಿ ಹೋಗುತ್ತದೆ ಅಂತ ನಾವು ಯಾರಿಗೂ ಹೇಳುವುದಿಲ್ಲ. ಔಷಧಿ, ಮೆಷಿನ್ನುಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ ಕೂಡ ಮೆಷಿನ್ ಕಂಪನಿಗಳಿಗೆ ‘ಶಾಶ್ವತವಾಗಿ ಕಡಿಮೆಯಾಗುತ್ತದೆ’ ಅನ್ನಲು ಮಾತ್ರ ಬಿಟ್ಟಿದೆ.

ಟೀಚರ್ ಬೆಡ್ ಮೇಲೆ ಕೂತರು. ನಾನು ಬಾಯಿ ತೆಗೆಯುವ ಮೊದಲೇ ಗಡಿಯಾರ ಬಿಚ್ಚಿ, ಕೈಯನ್ನು ಲೈಟಿನ ಕೆಳಗೆ ಚಾಚಿದರು. “ನೋಡ್ಕೊಳ್ಳಿ ಸಿಸ್ಟರ್. ಗ್ರೌಂಡಿಗೆ ಹೋಗಿಲ್ಲ.”

ನೋಡಿದೆ. ಪಟ್ಟಿಯ ಗುರುತು ಗೆರೆ ಎಳೆದ ಹಾಗಿತ್ತು. “ಮತ್ತೆ ಇದೇನು ಮೇಡಂ?”

ಅವರೂ ಬಗ್ಗಿ ನೋಡಿಕೊಂಡರು. “ಅಯ್ಯೋ, ಹೋದ ವಾರ ಮಕ್ಕಳನ್ನ ಹಂಪಿಗೆ ಕರ್ಕೊಂಡು ಹೋಗಿದ್ದೆ.”

ಮೂರು ವಾರ ಬಿಟ್ಟು ಬನ್ನಿ ಅಂದೆ. ಅಷ್ಟು ದೂರದಿಂದ ಬಂದವರನ್ನು ಹಾಗೇ ಕಳಿಸಲು ಕಷ್ಟವಾಯಿತು, ಅವರ ಮುಖವೂ ಸಪ್ಪಗಾಯಿತು. ಆಮೇಲೆ ಗಡಿಯಾರ ಕಟ್ಟಿಕೊಳ್ಳುತ್ತ, “ಬಸ್ಸು ಹೆಂಗೂ ಫ್ರೀ, ಬರ್ತೀನಿ ಬಿಡ್ರಿ” ಅಂದು ಚಪ್ಪಲಿ ಮೆಟ್ಟಿದರು.