ಪದ್ಮಿನಿಯ ಬ್ರೇಕ್ ಡ್ರಮ್ ಸೋಡಾ ನೀರಿಗಿಳಿಯಿತು

ಶನಿವಾರ

ಕುಂದಾಪುರದ ಕಡಲ ಗಾಳಿಗೆ ಕಬ್ಬಿಣವೆಂದರೆ ಕುರುಕಲು ತಿಂಡಿ. ನಮ್ಮ 1982ರ ಪ್ರೀಮಿಯರ್ ಪದ್ಮಿನಿ ಕಾರು ಎಂಟು ಮಳೆಗಾಲ ಹಿತ್ತಲ ಶೆಡ್ಡಿನಲ್ಲೇ ಕಳೆದಿದೆ. ಹಿಂದಿನ ಎರಡು ಬ್ರೇಕ್ ಡ್ರಮ್, ಬಾಗಿಲಿನ ಹಿಂಜುಗಳು, ಜಾಕ್, ಸ್ಟೆಪ್ನಿಯ ರಿಮ್, ಎಲ್ಲ ಬಿಚ್ಚಿ ಸಾಲಾಗಿ ಇಟ್ಟರೆ ಜಂಬಿಟ್ಟಿಗೆಯ ಚೂರುಗಳ ಹಾಗೆ ಕಂಡವು. ಡ್ರಿಲ್ಲಿಗೆ ವೈರ್ ಬ್ರಷ್ ಹಾಕಿ ಒಂದು ಹಿಂಜ್ ಉಜ್ಜಿದೆ. ಮೇಲೆ ಹೊಳೆಯಿತು, ಗುಳಿಗಳೊಳಗೆ ತುಕ್ಕು ಹಾಗೇ ಕೂತಿತ್ತು. ಮೂಗಿನ ತುಂಬ ಕೆಂಪು ಧೂಳು ಬೇರೆ.

ಹಾಗಾಗಿ ವಿದ್ಯುತ್ ದಾರಿ: ಸೋಡಾ ನೀರಿನಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸುವುದು. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ಟಬ್ ಮಾಡಿ, 40 ಲೀಟರ್ ನೀರು ತುಂಬಿಸಿ, ಹತ್ತು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿದೆ. ಅಂಗಡಿಯಲ್ಲಿ ಮೊದಲು ಅಡುಗೆ ಸೋಡಾ ಕಟ್ಟಿಕೊಟ್ಟಿದ್ದರು. (ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ಅದೂ ವಾಷಿಂಗ್ ಸೋಡಾ ಆಗುತ್ತದೆ, ಆದರೆ ಮನೆಯ ಬಾಣಲೆ ಕೇಳುವ ಧೈರ್ಯ ನನಗಿಲ್ಲ.) ಉಪ್ಪು ಹಾಕಬಾರದು, ಕ್ಲೋರಿನ್ ಬರುತ್ತದೆ. ಮನೆ ಕಟ್ಟಿದಾಗ ಉಳಿದ ಸರಳಿನ ನಾಲ್ಕು ತುಂಡುಗಳನ್ನು ಸುತ್ತ ನಿಲ್ಲಿಸಿ, ಒಂದಕ್ಕೊಂದು ವೈರ್ ಕಟ್ಟಿ ಕಾರ್ ಬ್ಯಾಟರಿ ಚಾರ್ಜರಿನ ಪ್ಲಸ್ ಕೊಟ್ಟೆ. ಬ್ರೇಕ್ ಡ್ರಮ್ ನಡುವೆ ನೇತಾಡುತ್ತದೆ, ಸರಳಿಗೆ ತಾಗದ ಹಾಗೆ. ಅದಕ್ಕೆ ಮೈನಸ್. ಸರಳಿನ ಬದಲು ಹಳೆಯ ಸ್ಟೀಲ್ ತಟ್ಟೆ ಹಾಕು ಎಂದ ಪಕ್ಕದ ಮನೆಯವರ ಸಲಹೆಯನ್ನು ಬಿಟ್ಟೆ. ಸ್ಟೇನ್‌ಲೆಸ್ ಸ್ಟೀಲಿನೊಳಗಿನ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ.

ಹೊಸ ಡಿಜಿಟಲ್ ಚಾರ್ಜರ್ ಎರಡು ಸಲ ಕೀ ಎಂದು ಸುಮ್ಮನಾಯಿತು. ಎದುರಿಗೆ ಬ್ಯಾಟರಿ ಇಲ್ಲದೆ ಅದು ಕೆಲಸ ಶುರುಮಾಡುವುದೇ ಇಲ್ಲ. ಮೆಕ್ಯಾನಿಕ್ ಹತ್ತಿರ ಮುಳ್ಳಿನ ಮೀಟರಿರುವ ಹಳೆಯ ಭಾರದ ಚಾರ್ಜರ್ ಇತ್ತು.

"ಎಂತ ಮಾರಾಯ್ರೆ, ಬ್ರೇಕ್ ಡ್ರಮ್ಮಿಗೆ ಚಾರ್ಜ್ ಮಾಡ್ತೀರಾ?" ಎಂದು ನಕ್ಕರು, ಆದರೆ ಕೊಟ್ಟರು.

12 ವೋಲ್ಟ್, ಮುಳ್ಳು 4 ಆಂಪಿಯರ್ ಹತ್ತಿರ. ಐದೇ ನಿಮಿಷದಲ್ಲಿ ಬ್ರೇಕ್ ಡ್ರಮ್ಮಿನ ಮೈಯಿಂದ ಸಣ್ಣ ಗುಳ್ಳೆಗಳು ಎದ್ದವು. ಅದು ಹೈಡ್ರೋಜನ್. ಶೆಡ್ಡಿನ ಬಾಗಿಲು ತೆರೆದೇ ಇತ್ತು, ಬೀಡಿ ಸೇದುವವರನ್ನು ಅಂಗಳದಲ್ಲೇ ನಿಲ್ಲಿಸಿದೆ.

ಭಾನುವಾರ, ಸೋಮವಾರ

20 ಗಂಟೆಯಾದ ಮೇಲೆ ನೀರಿನ ಮೇಲೆ ಕೆಸರಿನಂಥ ಕಂದು ನೊರೆ. ಪ್ಲಗ್ ಕಿತ್ತು ಡ್ರಮ್ ಎತ್ತಿದರೆ ಕೆಂಪಿನ ಸುಳಿವಿಲ್ಲ, ಮೈಯೆಲ್ಲ ಕಪ್ಪು ಮಸಿ. ತುಕ್ಕಿನ ಬಹುಪಾಲು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಸಡಿಲಾಗಿತ್ತು. ನಲ್ಲಿಯಡಿ ಪಾತ್ರೆ ಉಜ್ಜುವ ಬ್ರಷ್‌ಗೇ ಹೋಯಿತು. ಎರಕದ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಅಲ್ಲಿ ಅಂಕಿಗಳಿವೆ ಎಂದೇ ನನಗೆ ಗೊತ್ತಿರಲಿಲ್ಲ.

ಒಳಗಿನ ಅಂಚು ಮಾತ್ರ ಇನ್ನೂ ಕೆಂಪಗೇ ಇತ್ತು. ಸರಳಿಗೆ ನೇರ ಎದುರಾಗಿರುವ ಭಾಗಕ್ಕೆ ಕರೆಂಟ್ ಚೆನ್ನಾಗಿ ತಲುಪುತ್ತದೆ, ಮರೆಯಲ್ಲಿರುವುದಕ್ಕೆ ಅಷ್ಟಕ್ಕಷ್ಟೆ. ಒಂದು ಸರಳನ್ನು ಡ್ರಮ್ಮಿನ ಹೊಟ್ಟೆಯೊಳಗೆ ಇಳಿಬಿಟ್ಟು ಮತ್ತೆ ಹತ್ತು ಗಂಟೆ ಇಟ್ಟೆ.

ತೊಳೆದು ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಹೊಸ ಕಿತ್ತಳೆ ಬಣ್ಣ ಹತ್ತಿಬಿಟ್ಟಿತ್ತು! ಮಳೆಗಾಲದ ಗಾಳಿ. ಎರಡನೆಯ ಡ್ರಮ್ಮಿಗೆ ಬಿಸಿನೀರು ಹೊಯ್ದು, ಹೇರ್ ಡ್ರೈಯರಿನಲ್ಲಿ ಒಣಗಿಸಿ, ಹೊರಮೈಗೆ ಕೂಡಲೇ ರೆಡ್ ಆಕ್ಸೈಡ್ ಪ್ರೈಮರ್ ಬಳಿದೆ. ಬ್ರೇಕ್ ಶೂ ಉಜ್ಜುವ ಒಳಮೈಗೆ ಬಣ್ಣ ಹಾಕುವಂತಿಲ್ಲ. ಸದ್ಯಕ್ಕೆ ಎಣ್ಣೆ, ಕೂರಿಸುವ ಮುಂಚೆ ಪೂರ್ತಿ ಒರೆಸಬೇಕು. ತಿಂದುಹೋದ ಕಬ್ಬಿಣ ಮರಳಿ ಬರುವುದಿಲ್ಲ, ಗುಳಿಗಳು ಇದ್ದಲ್ಲೇ ಇವೆ. ಲೇತಿನವರು ಅಳೆದು ಸವರುವಷ್ಟು ದಪ್ಪ ಉಳಿದಿದೆಯೇ ಎಂದು ಹೇಳಬೇಕು.

ಮಂಗಳವಾರ

ಇದನ್ನು ಬರೆಯಲು ನಾಚಿಕೆ. ರಾತ್ರಿ ಕರೆಂಟ್ ಹೋಯಿತು. ಬಂದ ಮೇಲೆ ಮೊಬೈಲ್ ಬೆಳಕಿನಲ್ಲಿ ಕ್ಲಿಪ್ ಸಿಕ್ಕಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸರಳುಗಳು ಫಳಫಳ, ಬಾಗಿಲಿನ ಹಿಂಜಿನ ಅಂಚು ಇಲಿ ಕಡಿದ ಹಾಗೆ. ಕೆಂಪು ಕ್ಲಿಪ್ ಹಿಂಜಿಗೇ ಕಚ್ಚಿಕೊಂಡಿತ್ತು. ಪ್ಲಸ್ ಸಿಕ್ಕಿದ ಕಬ್ಬಿಣ ಕರಗುತ್ತದೆ, ಸರಳುಗಳನ್ನು ಇಟ್ಟಿದ್ದೇ ಅದಕ್ಕೆ. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿ ತಯಾರಿಕೆ ನಿಂತು ಕಾಲವಾಯಿತು, ಇನ್ನು ಗುಜರಿ ಅಂಗಡಿಗಳೇ ಗತಿ. ಈಗ ಮೈನಸ್ ವೈರಿಗೆ ಹಳದಿ ಟೇಪು ಸುತ್ತಿದ್ದೇನೆ.

ಬ್ರೇಕ್ ಸ್ಪ್ರಿಂಗುಗಳನ್ನು ಟಬ್ಬಿಗೆ ಹಾಕುವುದಿಲ್ಲ. ಹದಗೊಳಿಸಿದ ಉಕ್ಕಿನೊಳಗೆ ಹೈಡ್ರೋಜನ್ ಹೊಕ್ಕರೆ ಅದು ಪೆಡಸಾಗಿ ಮುರಿಯಬಹುದು. ಅವನ್ನು ಹೊಸದೇ ತರುತ್ತೇನೆ. ಅಲ್ಯೂಮಿನಿಯಂ ಅಂತೂ ಸೋಡಾ ನೀರಿಗೇ ಕರಗುತ್ತದೆ.

ಸ್ಟೆಪ್ನಿಯ ರಿಮ್ ಟಬ್ಬಿಗಿಂತ ದೊಡ್ಡದು. ಅರ್ಧ ಮುಳುಗಿಸಿ ನಿಲ್ಲಿಸಿದ್ದೇನೆ, ನಾಳೆ ತಿರುಗಿಸಬೇಕು. ಮುಳ್ಳು 5ರಲ್ಲಿದೆ. ಕ್ಲಿಪ್ ಎರಡು ಸಲ ನೋಡಿದ್ದೇನೆ.